ತೋಟದ ವಾಮನವೃಕ್ಷಗಳು

ಮೂರಡಿ ನೆಲವನ್ನು ಬೇಡಿ ಬಂದ ಪುಟ್ಟ ವಟುವು ತ್ರಿವಿಕ್ರಮನಾಗಿ ಬೆಳೆದು ಬಲಿಚಕ್ರವರ್ತಿಯ ತಲೆಯ ಮೇಲೆ ಅಡಿಯಿಟ್ಟ ಕಥೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇರಲಾರರು. ಆ ಕಥೆಯು ನಮ್ಮ ಪಟ್ಟಣಗಳ ಮನೆಯಂಗಳಗಳಲ್ಲಿ ಇಂದಿಗೂ ನಡೆಯುತ್ತಲೇ ಇದೆ. ಕುಂಡದಲ್ಲಿ ಮೊಳದುದ್ದ ನಿಂತು, ಅಂತಸ್ತು ಅಂತಸ್ತಾಗಿ ಕೈಚಾಚಿದ ಅಂದವಾದ ಗಿಡವೊಂದನ್ನು ‘ಕ್ರಿಸ್‌ಮಸ್ ಮರ’ವೆಂಬ ಹೆಸರಿನಿಂದ ಕೊಂಡು ತರುವೆವು, ಕುಂಡವು ಚಿಕ್ಕದಾಯಿತೆಂದು ಅಂಗಳದ ಮೂಲೆಯಲ್ಲಿ ನೆಡುವೆವು, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಮಾಳಿಗೆಯನ್ನು ಮೀರಿ, ವಿದ್ಯುತ್ತಿನ ತಂತಿಯನ್ನು ಮುಟ್ಟಿ, ಕೊನೆಗೆ ಕೊಡಲಿಗೆ ಈಡಾಗುವುದು. ಮಾರಿದವನು ಸುಳ್ಳು ಹೇಳಿರಲಿಲ್ಲ; ಕೊಂಡವನು ಕೇಳಿರಲಿಲ್ಲ. ಸಾಯುವುದು ಮಾತ್ರ ಮರ.

ಆದರೆ ಇದೇ ಮರಗಳ ಬಳಗದಲ್ಲಿ ನಿಜವಾಗಿಯೂ ವಾಮನನಾಗಿಯೇ ಉಳಿಯುವ ಗಿಡಗಳೂ ಉಂಟು. ಮೂವತ್ತು ವರ್ಷ ಬಾಳಿದರೂ ಆಳಿನೆತ್ತರವನ್ನು ಮೀರದ, ಎಲೆಯನ್ನು ಒಮ್ಮೆಗೇ ಉದುರಿಸದೆ ಹನ್ನೆರಡು ತಿಂಗಳೂ ಹಸಿರಾಗಿರುವ ಈ ಗಿಡಗಳು ಎಲ್ಲಿಂದ ಬಂದುವು, ನಮ್ಮ ನಾಡಿಗೆ ಹೇಗೆ ಬಂದುವು, ಯಾರ ಕೈಯಲ್ಲಿ ಉಳಿದುವು ಎಂಬುದೇ ಇಂದಿನ ಪ್ರಸಂಗದ ವಸ್ತು.

ಪೈನು, ದೇವದಾರು, ಸರು, ಜೂನಿಪರ್, ಥೂಜ, ಅರಾಕೇರಿಯ ಮುಂತಾದ ಮರಗಳಿಗೆ ಹೂವಿಲ್ಲ, ಹಣ್ಣಿಲ್ಲ. ಬೀಜವು ಶಂಕುವಿನಂತಹ ಒಂದು ಕಾಯಿಯ ಹೊರಪೊರೆಗಳ ನಡುವೆ ಬರಿದಾಗಿಯೇ ಕುಳಿತಿರುವುದರಿಂದ ಇವನ್ನು ಶಂಕುಫಲಿಗಳೆಂದು ಕರೆಯೋಣ. ಇವು ಹೆಚ್ಚಾಗಿ ತಂಪುದೇಶದ ಪ್ರಜೆಗಳು. ಹಿಮಾಲಯದಲ್ಲಿ ಇವುಗಳ ಕಾಡೇ ಇದೆ. ದಕ್ಷಿಣ ಪರ್ಯಾಯದ್ವೀಪಕ್ಕೆ ಮಾತ್ರ ಪ್ರಕೃತಿಯು ಒಂದೇ ಒಂದನ್ನು ಕೊಟ್ಟಿತು. ಪಶ್ಚಿಮ ಘಟ್ಟದ ದಕ್ಷಿಣಭಾಗದ ಮಳೆಕಾಡಿನಲ್ಲಿ ಬೆಳೆಯುವ ಆ ಮರಕ್ಕೆ ಸೂಜಿಯೆಲೆಯೂ ಇಲ್ಲ, ಅಗಲವಾದ ಎಲೆ. ನೋಡಿದವರು ಶಂಕುಫಲಿಯೆಂದು ಊಹಿಸಲಾರರು. ಶಾಸ್ತ್ರಜ್ಞರು ಅದಕ್ಕೆ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ವಾಲಿಕನ ಹೆಸರನ್ನು ಇಟ್ಟಿದ್ದಾರೆ. ಈ ವಾಲಿಕನನ್ನು ಮುಂದೆ ಇನ್ನೊಮ್ಮೆ ಕಾಣುವೆವು.

ಹೀಗೆ ನೆಲದಲ್ಲಿ ಇಲ್ಲದ ಮರವು ನಮ್ಮ ತೋಟಕ್ಕೆ ಬಂದುದು ಅರಸರ ಅಭಿರುಚಿಯಿಂದ. ಪಾರಸಿಕರ ಉದ್ಯಾನದಲ್ಲಿ ನೀರಿನ ಕಾಲುವೆ, ಚೌಕಗಳಾಗಿ ಒಡೆದ ಪಾತಿ, ಕಾಲುವೆಯ ಇಕ್ಕೆಲದಲ್ಲೂ ನೆಟ್ಟಗೆ ನಿಂತ ಸರು ವೃಕ್ಷ, ಇವು ಮೂರೂ ಬೇಕೇ ಬೇಕು. ಮೊಗಲರು ಈ ಪದ್ಧತಿಯನ್ನು ಹಿಂದೂಸ್ಥಾನಕ್ಕೆ ತಂದರು. ಅವರ ಸುಬೇದಾರರಿದ್ದ ನಮ್ಮ ಸಿರಾ ಪಟ್ಟಣದಲ್ಲಿಯೂ ಅಂತಹ ತೋಟವಿದ್ದು, ಅದನ್ನು ಕಂಡೇ ಹೈದರಾಲಿಯು 1760ರ ಸುಮಾರಿನಲ್ಲಿ ಬೆಂಗಳೂರಿನ ಲಾಲ್‌ಬಾಗನ್ನು ಹಾಕಿಸಿದನೆಂದು ಪ್ರತೀತಿ. ಇಲ್ಲಿ ಮಾತಿನ ಒಂದು ವಿನೋದವನ್ನು ಹೇಳದೆ ಮುಂದುವರಿಯಲಾಗದು. ಪಾರಸಿಯಲ್ಲಿ ‘ಸರ್ವ್’, ಹಿಂದೂಸ್ತಾನಿಯಲ್ಲಿ ‘ಸರೂ’ ಎಂದರೆ ಈ ಉದ್ಯಾನವೃಕ್ಷ. ನಮ್ಮ ಕನ್ನಡದಲ್ಲಿ ಸರ್ವೆಮರ, ಸುರುವೆಮರ ಎಂದರೆ ಸೌದೆಗೂ ಗಳುವಿಗೂ ಬೆಳೆಸುವ ಗಾಳಿಮರ. ಅದು ಕಡಲಾಚೆಯಿಂದ ಬಂದ ಬೇರೊಂದು ಮರ; ಶಂಕುಫಲಿಯೇ ಅಲ್ಲ. ದೂರದಿಂದ ನೋಡಿದರೆ ಆಕಾರವೂ ಸದ್ದೂ ಒಂದೇ ಎನ್ನುವಂತಿರುವುದರಿಂದ ಅರಮನೆಯ ಮರದ ಹೆಸರು ಕಡಲತೀರದ ಸೌದೆಯ ಮರಕ್ಕೆ ಇಳಿಯಿತೆಂದು ತೋರುತ್ತದೆ. ಹೆಸರನ್ನು ಕಳೆದುಕೊಂಡ ನಿಜವಾದ ಸರುವು ಕನ್ನಡಿಗರ ಬಾಯಲ್ಲಿ ಇಂದು ‘ಸೈಪ್ರೆಸ್’ ಆಗಿದೆ!

ಟಿಪ್ಪುವು ಮಡಿದು ಒಂದು ವರ್ಷ ಕಳೆದ ಮೇಲೆ, 1800ರ ಮೇ ತಿಂಗಳಿನಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಕಂಪೆನಿಯ ಅಪ್ಪಣೆಯ ಮೇಲೆ ಮೈಸೂರುಸೀಮೆಯನ್ನು ಸುತ್ತುತ್ತ ಬೆಂಗಳೂರಿಗೆ ಬಂದನು. ಆತನು ಕಂಡುದನ್ನೆಲ್ಲ ಬರೆದಿಟ್ಟ ಮನುಷ್ಯ. ಭತ್ತದ ಬೆಲೆಯಿಂದ ಹಿಡಿದು ಕಮ್ಮಾರನ ಕುಲುಮೆಯವರೆಗೆ ಯಾವುದನ್ನೂ ಬಿಟ್ಟವನಲ್ಲ. ಸುಲ್ತಾನರ ತೋಟಗಳು ವಿಶಾಲವಾಗಿದ್ದು ಚೌಕಗಳಾಗಿ ವಿಭಾಗವಾಗಿದ್ದುವೆಂದೂ, ದಾರಿಗಳ ಅಂಚಿನಲ್ಲಿ ಸೊಗಸಾದ ಸರುಮರಗಳಿದ್ದುವೆಂದೂ, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಪಾತಿಯನ್ನು ಮೀಸಲಿಡುವುದು ಮುಸಲ್ಮಾನರ ಪದ್ಧತಿಯೆಂದೂ ಆತನು ತಿಳಿಸಿದ್ದಾನೆ. ಸರುವೂ ದ್ರಾಕ್ಷಿಯೂ ಇಲ್ಲಿ ಹುಲುಸಾಗಿ ಬೆಳೆಯುತ್ತಿದ್ದುವು. ಅದಕ್ಕಿಂತ ನಮಗೆ ಮುಖ್ಯವಾದುದು ಆತನ ಇನ್ನೊಂದು ಸಣ್ಣ ಮಾತು: ಗುಡ್‌ಹೋಪ್ ಭೂಶಿರದಿಂದ ಆಗತಾನೆ ತರಿಸಿದ್ದ ಪೈನು ಮತ್ತು ಓಕ್ ಸಸಿಗಳು ಚೆನ್ನಾಗಿ ಏಳುತ್ತಿರುವಂತೆ ಕಂಡುವಂತೆ.

ಈ ಮಾತಿನ ಮೇಲೆ ಸ್ವಲ್ಪ ನಿಲ್ಲುವುದು ಒಳ್ಳೆಯದು. ಆಫ್ರಿಕದ ಆ ದಕ್ಷಿಣ ತುದಿಯಲ್ಲಿ ಪೈನೂ ಇರಲಿಲ್ಲ, ಓಕೂ ಇರಲಿಲ್ಲ. ಅಲ್ಲಿ ಮನೆಮಾಡಿದ ಡಚ್ಚರು ಅವನ್ನು ಯುರೋಪಿನಿಂದ ಒಯ್ದು ನೆಟ್ಟಿದ್ದರು. ಆದುದರಿಂದ ಬುಕನನ್ ಕಂಡ ಸಸಿಗಳು ಎರಡು ಸಾರಿ ವಲಸೆ ಬಂದ ಕುಲದವು. ಕಬ್ಬಿಣದ ಹಡಗು, ಸೂಯೆಜ್ ಕಾಲುವೆ, ಗಾಜಿನ ಪೆಟ್ಟಿಗೆ ಯಾವುದೂ ಇಲ್ಲದ ಕಾಲದಲ್ಲಿ ಹಾಯಿಹಡಗಿನ ಮೇಲೆ ಉಪ್ಪುಗಾಳಿಯನ್ನು ಸಹಿಸಿ ಬಂದು, ಘಟ್ಟವನ್ನೇರಿ, 900 ಮೀಟರ್ ಎತ್ತರದ ಬೆಂಗಳೂರಿನ ಕೆಂಪುನೆಲದಲ್ಲಿ ಬೇರುಬಿಟ್ಟುವು. ಆತನು ಕಂಡುದು ಎಳೆಯ ಸಸಿಗಳನ್ನು ಮಾತ್ರ. ಶಂಕುಫಲಿಗಳ ಇತಿಹಾಸದಲ್ಲಿ ಇದೊಂದು ನಿತ್ಯದ ಅನುಭವ: ಮೊದಲ ಐದು ವರ್ಷ ಎಲ್ಲವೂ ಚೆಂದ. ಗಿಡದ ಗುಣವು ತಿಳಿಯುವುದು ಅನಂತರ.

ಮುಂದೆ ಲಾಲ್‌ಬಾಗು ಹಲವರ ಕೈ ಸೇರಿತು. 1819ರಲ್ಲಿ ಅದು ವಾಲಿಕನ ಮೇಲ್ವಿಚಾರಣೆಗೆ ಒಳಪಟ್ಟಿತು. ನಮ್ಮ ಘಟ್ಟದ ಒಂಟಿ ಶಂಕುಫಲಿಗೆ ಹೆಸರುಕೊಟ್ಟ ಪುರುಷನು ಈತನೇ. 1856ರಲ್ಲಿ ಸರಕಾರದ ಸಸ್ಯೋದ್ಯಾನವೆಂದು ಗೊತ್ತಾಯಿತು. 1858ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದರು. 1874ರಲ್ಲಿ ಜಾನ್ ಕ್ಯಾಮರನ್ ಬಂದರು. ಸಸ್ಯಗಳ ಪಟ್ಟಿಯನ್ನು ಅಚ್ಚು ಹಾಕಿಸುವ ಒಳ್ಳೆಯ ಅಭ್ಯಾಸವು ಇವರಿಬ್ಬರಿಗೂ ಇದ್ದಿತು. 1908ರಲ್ಲಿ ಅಧಿಕಾರಕ್ಕೆ ಬಂದ ಕ್ರುಂಬಿಗೆಲ್ಲರು ಜರ್ಮನಿಯಲ್ಲಿ ಹುಟ್ಟಿ, ಕ್ಯೂನಲ್ಲಿ ಕಲಿತು, ಬರೋಡ ಸಂಸ್ಥಾನದಲ್ಲಿ ದುಡಿದು ಬಂದವರು. ಹೊರದೇಶಗಳೊಡನೆ ಬೀಜ ಸಸಿಗಳ ವಿನಿಮಯವನ್ನು ಅವರು ಬಹಳವಾಗಿ ಬೆಳೆಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1927ರಿಂದ 1932ರವರೆಗೆ, ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನದ ತೋಟವು ರೂಪುಗೊಂಡುದೂ ಅವರ ಆಲೋಚನೆಯಿಂದಲೇ. ನೀರಿನ ಕಾಲುವೆಯ ಬದಿಗೆ ಮೊನಚು ತಲೆಯ ಹಸಿರು ಗಿಡಗಳು ಸಾಲುನಿಂತ ಆ ನೋಟದಲ್ಲಿ ಹೈದರನ ಸರುಸಾಲು ಮತ್ತೊಮ್ಮೆ ಹುಟ್ಟಿಬಂದಂತೆ ನಮಗೆ ತೋರುವುದು. 1932ರಲ್ಲಿ ಕ್ರುಂಬಿಗೆಲ್ಲರ ಸ್ಥಾನಕ್ಕೆ ಎಚ್. ಸಿ. ಜವರಾಯರು ಬಂದರು.

ಲಾಲ್‌ಬಾಗಿನ ಶಂಕುಫಲಿಗಳಲ್ಲಿ ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ಕಂಬದಂತೆ ನಿಂತ ಅರಾಕೇರಿಯ. ಇದರ ತವರು ಶಾಂತಸಾಗರದ ನ್ಯೂ ಕ್ಯಾಲೆಡೋನಿಯ. 1774ರಲ್ಲಿ ಕ್ಯಾಪ್ಟನ್ ಕುಕ್ಕನು ಹಡಗಿನಿಂದ ಇವನ್ನು ಕಂಡಾಗ ಜೊತೆಗಿದ್ದ ಕೆಲವರು ಇವು ಮರಗಳಲ್ಲ, ಕಲ್ಲಿನ ಕಂಬಗಳೆಂದು ವಾದಿಸಿದರು. ತವರಿನಲ್ಲಿ 60 ಮೀಟರಿನವರೆಗೂ ಏರುವ ಮರಕ್ಕೆ ಅದು ಸಲ್ಲುವ ಹೊಗಳಿಕೆಯೇ ಸರಿ. ಇದರ ಇನ್ನೊಂದು ವಿಚಿತ್ರವನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೊರಗೆಡವಿತು. ಲೋಕದಲ್ಲಿ ಎಲ್ಲಿ ನೆಟ್ಟರೂ ಈ ಮರವು ಭೂಮಧ್ಯರೇಖೆಯ ಕಡೆಗೆ ಕೊಂಚ ವಾಲಿ ನಿಲ್ಲುವುದು. ದಕ್ಷಿಣಾರ್ಧದಲ್ಲಿ ಉತ್ತರಕ್ಕೆ, ಉತ್ತರಾರ್ಧದಲ್ಲಿ ದಕ್ಷಿಣಕ್ಕೆ. ನಮ್ಮ ಅಂಗಳದ ಮೂಲೆಯಲ್ಲಿ ತ್ರಿವಿಕ್ರಮನಾಗುವವನು ಈತನೇ, ಅಥವಾ ಈತನ ದಾಯಾದಿ ನಾರ್‌ಫೋಕ್ ದ್ವೀಪದವನು. ಕುಂಡದಲ್ಲಿ ಇವನನ್ನು ಕಂಡು ಗಿಡ್ಡ ಜಾತಿಯೆಂದು ತಿಳಿಯುವುದು ತೊಟ್ಟಿಲ ಮಗುವನ್ನು ಕಂಡು ಕುಳ್ಳನೆಂದಂತೆ.

ಹಾಗಾದರೆ ನಿಜವಾದ ಕುಳ್ಳರು ಹುಟ್ಟುವುದು ಹೇಗೆ? ಈ ವಿಚಾರವು ಹೂದೋಟದ ಪುಸ್ತಕಗಳಲ್ಲಿ ಸಿಕ್ಕುವುದಕ್ಕಿಂತ ರಸವತ್ತಾಗಿದೆ.

ಕೆಲವು ಜಾತಿಗಳು ಪರ್ವತದ ನೆತ್ತಿಯಲ್ಲಿ ಹಿಮಕ್ಕೂ ಗಾಳಿಗೂ ತಲೆಬಾಗಿ ನೆಲಕ್ಕಂಟಿಯೇ ಬೆಳೆಯುವುವು. ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಧೂಪಕ್ಕಾಗಿ ಸುಡುವ ಜೂನಿಪರ್ ಪೊದೆಗಳು ಇಂಥವು. ಆದರೆ ತೋಟಗಾರನಿಗೆ ದೊರೆತ ಕುಳ್ಳರಲ್ಲಿ ಬಹುಪಾಲು ಆಕಸ್ಮಿಕದ ಮಕ್ಕಳು. ಸಾವಿರ ಬೀಜಗಳನ್ನು ಬಿತ್ತಿದಾಗ ಒಂದು ಸಸಿ ತಾಯಿಯಂತಾಗದೆ ಕುಗ್ಗಿ ನಿಲ್ಲುವುದು. 1904ರಲ್ಲಿ ಅಮೆರಿಕದ ಆರ್ನಾಲ್ಡ್ ವೃಕ್ಷೋದ್ಯಾನದ ರೇಡರ್ ಮತ್ತು ಜ್ಯಾಕ್ ಎಂಬ ಇಬ್ಬರು ಪಂಡಿತರು ಕೆನಡದ ಪರ್ವತಗಳಲ್ಲಿ ಲಗ್ಗನ್ ಎಂಬ ನಿಲ್ದಾಣದ ಬಳಿ ಇಂತಹ ಸಸಿಗಳನ್ನು ಕಂಡರು. ರೈಲಿಗಾಗಿ ಕಾಯುತ್ತ ಹೊತ್ತು ಕಳೆಯಲು ಅಡ್ಡಾಡುವಾಗ ಕಂಡರೆಂದು ಹೇಳುವರು. ಆಳೆತ್ತರದ ಅಚ್ಚಿನಲ್ಲಿ ಎರಕ ಹೊಯ್ದಂತಹ ಹಸಿರು ಗೋಪುರ; ಅದರ ತಾಯಿಜಾತಿಯೋ ಗಗನವನ್ನು ಕೇಳುವ ಬಿಳಿ ಸ್ಪ್ರೂಸ್. ಇಂದು ಲೋಕದ ತಂಪುಸೀಮೆಯ ಅಂಗಡಿಗಳಲ್ಲಿ ‘ಕೋನಿಕ’ ಎಂಬ ಹೆಸರಿನಿಂದ ದೊರೆಯುವ ಎಣಿಕೆಯಿಲ್ಲದ ಗಿಡಗಳು ಆ ಒಂದು ದಿನದ ಕೈಗಡವೇ.

ಇನ್ನು ಕೆಲವು ವೇಳೆ ದೊಡ್ಡ ಮರದ ಒಂದು ಮೊಗ್ಗು ದಾರಿತಪ್ಪಿ, ಹಕ್ಕಿಯ ಗೂಡಿನಂತಹ ಕಿಕ್ಕಿರಿದ ಕಡ್ಡಿಗಳ ಗೊಂಚಲನ್ನು ಬೆಳೆಸುವುದು. ಐರೋಪ್ಯರು ಇದನ್ನು ಮಾಟಗಾತಿಯ ಪೊರಕೆಯೆಂದು ಕರೆದರು. ಆ ಗೊಂಚಲಿನಿಂದ ಕಡ್ಡಿಯನ್ನು ತೆಗೆದು ಬೇರುಬರಿಸಿದರೆ ಕುಳ್ಳಗಿಡ. ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ಫ್ರ್ಯಾಂಕ್ ಮೈಯರ್ ಎಂಬ ಸಸ್ಯಾನ್ವೇಷಕನು ಚೀನದಿಂದ ನೀಲಿಬಣ್ಣದ ಜೂನಿಪರನ್ನು ಅಮೆರಿಕಕ್ಕೆ ಕಳುಹಿಸಿದನು. ನಮ್ಮ ಹಿಮಾಲಯದಲ್ಲಿಯೂ ಬೆಳೆಯುವ ಜಾತಿಯದು. ಆತನು 1918ರಲ್ಲಿ ಯಾಂಗ್‌ಟ್ಸೆ ನದಿಯಲ್ಲಿ ಮುಳುಗಿ ತೀರಿಕೊಂಡನು. ಆತನ ಗಿಡವು ಹಾಲೆಂಡನ್ನು ಸೇರಿ, 1950ರ ಸುಮಾರಿನಲ್ಲಿ ಅಲ್ಲಿ ಇಂತಹ ಒಂದು ಪೊರಕೆಯನ್ನು ಹೊತ್ತಿತು. ಅದೇ ಇಂದಿನ ‘ಬ್ಲೂ ಸ್ಟಾರ್’ ಎಂಬ ಪ್ರಸಿದ್ಧವಾದ ಕುಳ್ಳ ಜೂನಿಪರ್.

ಮೂರನೆಯ ಬಗೆಯದು ಎಳೆತನದಲ್ಲಿಯೇ ನಿಂತುಹೋದ ಗಿಡ. ಸರು ಥೂಜಗಳ ಸಸಿಗೆ ಮೊದಲು ಸೂಜಿಯಂತಹ ಎಲೆಗಳಿದ್ದು, ಬೆಳೆದ ಮೇಲೆ ಮೀನಿನ ಪೊರೆಯಂತಹ ಎಲೆಗಳು ಬರುವುವು. ಮೋರಪಂಖಿಯ ಬೀಜವನ್ನು ಬಿತ್ತಿದ ಯಾರಾದರೂ ಇದನ್ನು ಕಣ್ಣಾರೆ ನೋಡಬಹುದು. ಕೆಲವು ಗಿಡಗಳು ಬದುಕಿನುದ್ದಕ್ಕೂ ಸೂಜಿಯೆಲೆಯನ್ನೇ ಬಿಡುತ್ತ ಮಗುವಾಗಿಯೇ ಮುದಿಯಾಗುವುವು. 1860ರಲ್ಲಿ ರಾಬರ್ಟ್ ಫಾರ್ಚೂನ್, ಜಾನ್ ಗೂಲ್ಡ್ ವೀಚ್ ಮುಂತಾದವರು ಆಗತಾನೆ ಬಾಗಿಲು ತೆರೆದಿದ್ದ ಜಪಾನಿಗೆ ಹೋಗಿ ಇಂತಹ ಗಿಡಗಳನ್ನು ಇಂಗ್ಲೆಂಡಿಗೆ ತಂದರು. ಅಲ್ಲಿಯ ತೋಟಗಾರರು ಇವನ್ನು ‘ರೆಟಿನೋಸ್ಪೊರ’ ಎಂಬ ಬೇರೊಂದು ಕುಲವೆಂದೇ ತಿಳಿದು ಮಾರಿದರು. ಬಾನ್ ನಗರದ ಬೈಸ್ನರನು, ಇವು ಬೇರೆ ಕುಲವಲ್ಲ, ಬಾಲ್ಯವನ್ನು ಬಿಡದ ಸರು ಥೂಜಗಳೇ ಎಂದು ತೋರಿಸಿದನು. ಅಷ್ಟರಲ್ಲಿ ಹೆಸರುಗಳು ಪಟ್ಟಿಗಳಲ್ಲಿ ಬೇರೂರಿದ್ದುವು. ಒಂದೇ ಗಿಡಕ್ಕೆ ನಾಲ್ಕು ಹೆಸರು, ನಾಲ್ಕು ಗಿಡಕ್ಕೆ ಒಂದೇ ಹೆಸರು. ಈ ಗೊಂದಲವನ್ನು ಬಿಡಿಸಲು ಮರ್ರೇ ಹಾರ್ನಿಬ್ರೂಕ್ ಎಂಬುವರು 1923ರಲ್ಲಿ ಕುಳ್ಳ ಶಂಕುಫಲಿಗಳ ಮೇಲೆಯೇ ಒಂದು ಗ್ರಂಥವನ್ನು ಬರೆಯಬೇಕಾಯಿತು.

ಈ ಮೂರು ಬಗೆಗಳಲ್ಲಿಯೂ ಒಂದು ಸಂಗತಿ ಸಮಾನ. ಕುಳ್ಳಗಿಡದ ಬೀಜವನ್ನು ಬಿತ್ತಿ ಕುಳ್ಳಗಿಡವೇ ಬರುವುದೆಂದು ನಂಬುವಂತಿಲ್ಲ. ಬಂದುದು ಅಜ್ಜನಂತೆ ಎತ್ತರವಾಗಬಹುದು. ಕಡ್ಡಿಯಿಂದಲೋ ಕಸಿಯಿಂದಲೋ ಮನುಷ್ಯನ ಕೈ ಮುಂದುವರಿಸಿದರೆ ಮಾತ್ರ ಆ ರೂಪವು ಉಳಿಯುವುದು. ಒಂದು ತಲೆಮಾರಿನ ತೋಟಗಾರರು ಉದಾಸೀನ ಮಾಡಿದರೆ ಸಾಕು, ಅದು ಭೂಮಿಯಿಂದಲೇ ಮಾಯ. ಕಾಡಿನಲ್ಲಿ ಹುಡುಕಿದರೆ ಸಿಕ್ಕುವುದಿಲ್ಲ. ಕಾಡಿಗೆ ಅದು ಬೇಕಾಗಿಯೂ ಇಲ್ಲ. ಜಪಾನೀಯರ ಕುಂಡವೃಕ್ಷದೊಡನೆ ಇದನ್ನು ಬೆರಸಬಾರದು. ಲಾಲ್‌ಬಾಗಿನಲ್ಲಿ ಆ ಬೋನ್ಸಾಯಿ ಕಲೆಗೆ ಒಂದು ಪ್ರತ್ಯೇಕ ತೋಟವೇ ಇದೆ. ಅಲ್ಲಿಯ ಕುಳ್ಳತನ ಕತ್ತರಿಯದು. ನೆಲಕ್ಕೆ ಬಿಟ್ಟರೆ ಮತ್ತೆ ಮರ. ಇಲ್ಲಿಯ ಕುಳ್ಳತನ ಹುಟ್ಟಿನದು.

ನಮ್ಮ ಸೀಮೆಯಲ್ಲಿ ನಿಜವಾಗಿ ಮನೆಮಾತಾದ ಕುಳ್ಳ ಶಂಕುಫಲಿ ಮೋರಪಂಖಿ. ಲಿನ್ನೇಯಸನು 1753ರಲ್ಲಿ ಇದಕ್ಕೆ ಪೂರ್ವದೇಶದ ಥೂಜವೆಂದು ಹೆಸರಿಟ್ಟನು. ಈಗಿನ ಶಾಸ್ತ್ರಜ್ಞರು ‘ಪ್ಲಾಟಿಕ್ಲೇಡಸ್’ ಎನ್ನುವರು. ಚೀನದಲ್ಲಿ ಗುಡಿಗಳ ಬಳಿ ಇದರ ಪುರಾತನ ವೃಕ್ಷಗಳಿವೆ. ನವಿಲುಗರಿಯಂತೆ ಚಪ್ಪಟೆಯಾದ ಕೊಂಬೆಗಳು ಕೈಜೋಡಿಸಿದ ಹಾಗೆ ನೆಟ್ಟಗೆ ನಿಲ್ಲುವುದರಿಂದ ಈ ಹೆಸರು ಬಂದಿತು. ದೇಶದ ಅನೇಕ ಕಡೆ ಶಾಲೆಯ ಮಕ್ಕಳು ಇದರ ಎಲೆಯನ್ನು ವಿದ್ಯೆ ಬರುವುದೆಂದು ಪುಸ್ತಕದೊಳಗೆ ಇಡುವರು. ಇದರ ಹೊಂಬಣ್ಣದ ಕುಳ್ಳರೂಪವು ‘ಆರಿಯ ನಾನ’ ಎಂದು 19ನೆಯ ಶತಮಾನದ ಐರೋಪ್ಯ ಪಟ್ಟಿಗಳಲ್ಲಿಯೇ ಕಾಣುವುದು: ಕೋಳಿಮೊಟ್ಟೆಯ ಆಕಾರ, ವರ್ಷಕ್ಕೆ ಕೆಲವೇ ಅಂಗುಲದ ಬೆಳವಣಿಗೆ. ಇದರ ತಾಯಿಜಾತಿಯು 15 ಮೀಟರಿನ ಮರ. ಪೇಟೆಯಲ್ಲಿ ಮೋರಪಂಖಿಯೆಂದು ಮಾರುವವು ಕಡ್ಡಿಯಿಂದ ಬಂದ ಕುಳ್ಳರೂ ಆಗಿರಬಹುದು, ಬೀಜದಿಂದ ಎದ್ದ ಸಾಮಾನ್ಯ ಸಸಿಗಳೂ ಆಗಿರಬಹುದು. ಕೊಳ್ಳುವವರು ಎತ್ತರವನ್ನು ಕೇಳುವ ಮೊದಲು ಹುಟ್ಟನ್ನು ಕೇಳಬೇಕು.

ಬೆಂಗಳೂರಿನ ಕೆಂಪುಮಣ್ಣಿನ ಮಾತಾಯಿತು. ನಾಡಿನ ವಾಯವ್ಯದ ಗಡಿಗೆ, ವೇದಗಂಗಾ ದೂಧಗಂಗಾ ನದಿಗಳ ಸೀಮೆಗೆ ಹೋಗೋಣ. ಅಲ್ಲಿಯ ಅಕ್ಕೋಳ ಮೊದಲು ಚಿಕ್ಕೋಡಿ ತಾಲೂಕಿಗೆ ಸೇರಿದ್ದು ಈಗ ನಿಪ್ಪಾಣಿ ತಾಲೂಕಿನಲ್ಲಿದೆ. 1956ರವರೆಗೆ ಆ ಪ್ರಾಂತವು ಮುಂಬಯಿ ಆಡಳಿತದಲ್ಲಿದ್ದಿತು. ಕನ್ನಡವೂ ಮರಾಠಿಯೂ ಒಂದೇ ಬೀದಿಯಲ್ಲಿ ನಡೆದಾಡುವ ಆ ಕಡೆ ಮೋರಪಂಖಿಯೆಂಬ ಹೆಸರಿಗೆ ವಿವರಣೆಯೇ ಬೇಡ. ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸುತ್ತಲಿನ ಎರೆಭೂಮಿಯು ಶಂಕುಫಲಿಗೆ ಒಂದು ಪರೀಕ್ಷೆಯೇ ಸರಿ. ಮಳೆಯಲ್ಲಿ ನೀರನ್ನು ಕುಡಿದು ಉಬ್ಬುವುದು. ಬೇಸಗೆಯಲ್ಲಿ ಬಿರಿದು ಬೇರನ್ನು ಹರಿಯುವುದು. ಸಮುದ್ರಮಟ್ಟಕ್ಕೆ 600 ಮೀಟರಿನ ಸುಮಾರಿನಲ್ಲಿರುವ ಆ ಸೀಮೆಯ ಚೈತ್ರ ವೈಶಾಖದ ಬಿಸಿಲಿನಲ್ಲಿ ಕೆನಡದ ಕೋನಿಕವನ್ನು ನೆಡುವುದು ಕೇವಲ ಹಣದ ನಷ್ಟ. ಅದಕ್ಕೆ ನಿಜವಾದ ಚಳಿಗಾಲ ಬೇಕು. ಮೋರಪಂಖಿಯೂ ಚೀನದ ಜೂನಿಪರೂ ಹಾಗಲ್ಲ. ಸುಣ್ಣದ ಅಂಶವಿರುವ ನೆಲವನ್ನೂ ಒಣಹವೆಯನ್ನೂ ಅವು ಸಹಿಸುವುವು. ಸಹಿಸದೆ ಇರುವುದು ಬುಡದಲ್ಲಿ ನಿಂತ ನೀರನ್ನು. ಆದುದರಿಂದ ಎರೆನೆಲದಲ್ಲಿ ಗುಂಡಿ ತೋಡಿ ನೆಡುವುದಕ್ಕಿಂತ ಮೊಳದೆತ್ತರ ಮಡಿಕಟ್ಟಿ, ಮಸಾರಿ ಮಣ್ಣು, ಮರಳು, ಕಳಿತ ಎಲೆಗೊಬ್ಬರ ಬೆರಸಿ ಅದರ ಮೇಲೆ ನೆಡುವುದು ಲೇಸು. ಎರೆಯಲ್ಲಿ ತೋಡಿದ ಗುಂಡಿಯು ಮಳೆಗಾಲದಲ್ಲಿ ಬಾವಿಯೇ ಆಗುವುದು.

ಬಿಸಿಲು ನಾಲ್ಕು ಕಡೆಯೂ ಬೀಳಬೇಕು. ಗೋಡೆಗೆ ಒತ್ತಿದ ಬದಿಯು ಬೋಳಾದರೆ ಮತ್ತೆ ಚಿಗುರುವುದಿಲ್ಲ. ಕತ್ತರಿಯನ್ನು ಹಸಿರು ತುದಿಗೆ ಮಾತ್ರ ತಾಗಿಸಬೇಕು, ಒಳಗಿನ ಕಂದುಬಣ್ಣದ ಹಳೆಯ ಕಟ್ಟಿಗೆಗೆ ಇಳಿದರೆ ಅಲ್ಲಿ ತೂತು ಶಾಶ್ವತ. ಬೇಸಗೆಯ ಒಣಗಾಳಿಯಲ್ಲಿ ಕೆಂಪುನುಸಿ ಬಿದ್ದು ಹಸಿರು ಮಾಸಿದಾಗ ಸಂಜೆ ನೀರನ್ನು ರಭಸದಿಂದ ಎರಚಿ ಕೊಂಬೆಗಳನ್ನು ತೊಳೆಯಬೇಕು. ಕುಳ್ಳಗಿಡದ ನಡುವಿನಿಂದ ಎಂದಾದರೂ ಒಂದು ಕೊಂಬೆ ಮಾತ್ರ ಭರದಿಂದ ಮೇಲೆದ್ದರೆ ಸಂತೋಷಪಡದೆ ಬುಡಸಹಿತ ತೆಗೆಯಬೇಕು. ಅಜ್ಜನು ಮರಳಿ ಬಂದಿದ್ದಾನೆ, ಬಿಟ್ಟರೆ ಮೊಮ್ಮಗನನ್ನು ನುಂಗುವನು.

ಕಡ್ಡಿ ತೆಗೆಯುವುದಕ್ಕೆ ಆ ಕಡೆಯ ರೈತರು ಎಣಿಸುವ ಮೃಗಶಿರ, ಆರಿದ್ರ ಮಳೆಗಳ ಕಾಲವು ತಕ್ಕದ್ದು. ಗೇಣಿಗಿಂತ ಕಡಿಮೆ ಉದ್ದದ ಬಲಿತ ಪಕ್ಕದ ಕಡ್ಡಿಯನ್ನು ಕತ್ತರಿಸದೆ, ತಾಯಿಕೊಂಬೆಯ ಸಿಪ್ಪೆಯ ಚೂರೊಂದು ಹಿಮ್ಮಡಿಯಂತೆ ಅಂಟಿಬರುವ ಹಾಗೆ ಕೆಳಮುಖವಾಗಿ ಸೀಳಿ ತೆಗೆಯಬೇಕು. ಕೆಳಗಿನ ಎಲೆಯನ್ನು ಸವರಿ, ಮರಳು ಹೆಚ್ಚಾಗಿರುವ ಕುಂಡದಲ್ಲಿ ನೆಟ್ಟು, ನೆರಳಿನಲ್ಲಿಟ್ಟು ತೇವವನ್ನು ಕಾಯಬೇಕು. ಅರಾಕೇರಿಯದಲ್ಲಿ ಪಕ್ಕದ ಕಡ್ಡಿಯು ಬೇರುಬಿಟ್ಟರೂ ಮರವಾಗಿ ಮೇಲೇಳದೆ ಅಡ್ಡಡ್ಡವಾಗಿಯೇ ಹರಿಯುವುದು. ಮೋರಪಂಖಿಗೆ ಆ ಹಟವಿಲ್ಲ. ಬೇರು ಬರಲು ತಿಂಗಳುಗಳೇ ಬೇಕು, ನಡುವೆ ಕಿತ್ತು ನೋಡಬಾರದು. ಮುಂದಿನ ಮಳೆಗಾಲದವರೆಗೆ ಕುಂಡದಲ್ಲಿಯೇ ಬೆಳೆಸಿ, ತಾಯಿಗಿಡದ ಹೆಸರನ್ನೂ ಕಡ್ಡಿ ತೆಗೆದ ವರ್ಷವನ್ನೂ ತಗಡಿನ ಚೀಟಿಯಲ್ಲಿ ಕೊರೆದು ಕಟ್ಟಿ, ಅನಂತರ ಮಡಿಗೆ ಇಳಿಸುವುದು.